ಏಳು ನಿಮಿಷದ ಕಾಸರಗೋಡು

ಆ ರೀಲ್ ನೀವೂ ನೋಡಿರ್ತೀರಿ. ನೆಲಕ್ಕೆ ಅಂಟಿಕೊಂಡ ಹಾಗಿರುವ ಹಳದಿ ಕಾರು, ಖಾಲಿ ಹೆದ್ದಾರಿ, ಢಂ ಢಂ ಸಂಗೀತ. ಕೆಳಗೆ ನಮ್ಮೂರಿನವರದೇ ಕಮೆಂಟು: "ನಮ್ಮ ಕಾಸರಗೋಡು ದುಬೈ ಆಯ್ತು ಮಾರಾಯ್ರೆ!"

ಓಡಿಸುತ್ತಿದ್ದವನು ನನ್ನ ತಂಗಿಯ ಮಗ. ಪಕ್ಕದಲ್ಲಿ ಕೂತಿದ್ದವನು ನಾನು. ಹಾಗಾಗಿ ರೀಲಿನಲ್ಲಿ ಇಲ್ಲದ ಭಾಗ ಹೇಳುವ ಹಕ್ಕು ನನಗಿದೆ.

ಕಾರು ದುಬೈಯದ್ದು. ನಂಬರೂ ದುಬೈಯದ್ದೇ. ಕಾರ್ನೆಟ್ ಅಂತ ಒಂದು ಕಾಗದ ಮಾಡಿಸಿದರೆ ಸುಂಕ ಕಟ್ಟದೆ ಕಾರನ್ನು ಸ್ವಲ್ಪ ತಿಂಗಳಿಗೆ ಊರಿಗೆ ತರಬಹುದು. ಮದುವೆಗೆ ಬರುವ ನೆಂಟರ ಹಾಗೆ ಅದೂ ಹಡಗು ಹತ್ತಿ ಬಂತು. ಸ್ಟಿಯರಿಂಗ್ ಎಡಗಡೆ. ಅಂದ್ರೆ ಸುಮ್ನೆ ಕೂತುಕೊಳ್ಳುವವನಿಗೆ ಬಲಗಡೆಯ ಸೀಟು. ಇದರ ಕಷ್ಟ ಹೊರಟ ಮೇಲೆ ಗೊತ್ತಾಯಿತು. ಟೋಲಿನಲ್ಲಿ ಕಿಟಕಿ ತಟ್ಟಿದ್ದು ನನ್ನದು, ದುಡ್ಡು ಹೋದದ್ದೂ ನನ್ನದು. ಬಸ್ಸಿನ ಡ್ರೈವರ್ ಕತ್ತು ಹೊರಗೆ ಹಾಕಿ ಬೈದದ್ದೂ ನನ್ನನ್ನೇ. ಎರಡೂ ಕೈ ಮಡಿಲಲ್ಲಿಟ್ಟು, ಹಲ್ವದ ಪೊಟ್ಟಣ ಹಿಡಿದು ಕೂತ ಮುದುಕ ಈ ವೇಗದಲ್ಲಿ ಕಾರು ಬಿಡುತ್ತಾನೆ ಅಂದುಕೊಂಡರೆ ಯಾರಿಗಾದರೂ ಸಿಟ್ಟು ಬರುತ್ತದೆ. ವೇಗ ಎಷ್ಟಿತ್ತು ಅಂತ ಕೇಳಬೇಡಿ. ಸೋದರಮಾವ ಆದವನಿಗೆ ಕೆಲವು ಧರ್ಮಗಳಿವೆ.

"ದುಬೈಯಲ್ಲಿ ಹೀಗೆ ಬಿಡ್ತೀಯಾ?" ಕೇಳಿದೆ.

"ಅಲ್ಲಿಯಾ? ಮಿತಿಗಿಂತ 80 ಜಾಸ್ತಿ ಹೋದ್ರೆ 3000 ದಿರ್ಹಮ್ ದಂಡ ಮಾವ. ಮೇಲಿಂದ 60 ದಿನ ಕಾರು ಎಳ್ಕೊಂಡು ಹೋಗ್ತಾರೆ."

ಈಗ ಅರ್ಥ ಆಯ್ತಲ್ವಾ ಆ ಕಮೆಂಟು? ದುಬೈಯಲ್ಲಿ ಮಾಡಲಿಕ್ಕೆ ಆಗದ್ದನ್ನು ಮಾಡಲಿಕ್ಕೆ ಒಂದು ಜಾಗ ಬೇಕಿತ್ತು. ಅದು ನಾವು.

ಮನೆಗೆ ಬಂದು ಲೆಕ್ಕ ಹಾಕಿದೆ. ಹೊಸ ಆರು ಪಥದ ಹೆದ್ದಾರಿಯಲ್ಲಿ ಗಡಿಯ ತಲಪಾಡಿಯಿಂದ ಚೆಂಗಳಕ್ಕೆ 39 ಕಿಲೋಮೀಟರು. ಲಂಬೋರ್ಗಿನಿ ಹುರಕಾನ್ ಅಂತ ಒಂದು ಕಾರಿದೆ, ಗಂಟೆಗೆ 325 ಓಡುತ್ತದೆ. ಅದಕ್ಕೆ ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಎಲ್ಲ ಸೇರಿ ಏಳು ನಿಮಿಷ. ಆರು ಪಥಕ್ಕೆ ಕೇರಳ ಸರಕಾರ 2023ರಲ್ಲಿ ಇಟ್ಟ ಮಿತಿ 110. ಹಾಗೆ ಹೋದರೆ 21 ನಿಮಿಷ. ಉಳಿತಾಯ 14 ನಿಮಿಷ. ಅದನ್ನು ಎಲ್ಲಿ ಖರ್ಚು ಮಾಡುವುದು? ಚೆರ್ಕಳ ದಾಟಿ ಬೇವಿಂಜೆಯ ಗುಡ್ಡದ ಹತ್ತಿರ ಲಾರಿಯ ಹಿಂದೆ ನಿಂತುಕೊಂಡು.

ಇನ್ನೊಂದು ಲಾಭವೂ ಇದೆ. ಹೆದ್ದಾರಿಯ ಬೋರ್ಡಿನಲ್ಲಿ ಕನ್ನಡ ಇಲ್ಲ, ಗೋವಿಂದ ಪೈಗಳ ಮಂಜೇಶ್ವರಕ್ಕೂ ಈ ಗತಿಯಾ ಅಂತ ನಾವು ಮನವಿ ಬರೆದು ಬರೆದು ಪೆನ್ನಿನ ಶಾಯಿ ಮುಗಿಸಿದ್ದೇವೆ. 325ರಲ್ಲಿ ಹೋಗಿ ನೋಡಿ. ಮಲಯಾಳವೂ ಕಾಣುವುದಿಲ್ಲ, ಹಿಂದಿಯೂ ಕಾಣುವುದಿಲ್ಲ. ಸಮಸ್ಯೆ ಪರಿಹಾರ!

ಈ ಲಂಬೋರ್ಗಿನಿಯ ಕತೆ ಚೆನ್ನಾಗಿದೆ. ಆ ಪುಣ್ಯಾತ್ಮ 1948ರಲ್ಲಿ ಶುರು ಮಾಡಿದ್ದು ಟ್ರ್ಯಾಕ್ಟರ್. ಯುದ್ಧ ಮುಗಿದು ಬಿದ್ದಿದ್ದ ಗಾಡಿಗಳ ಸಾಮಾನು ಹೆಕ್ಕಿ ಜೋಡಿಸಿ ರೈತರಿಗೆ ಮಾರುತ್ತಿದ್ದ. ಕಾರಿನ ಕಂಪನಿ ಶುರುವಾದದ್ದು 1963ರಲ್ಲಿ. ಫೆರಾರಿಯವನ ಹತ್ತಿರ ಕ್ಲಚ್ಚಿನ ವಿಷಯಕ್ಕೆ ಜಗಳ ಆಯ್ತಂತೆ, ಹಟಕ್ಕೆ ಬಿದ್ದು ತಾನೇ ಕಾರು ಮಾಡಿದನಂತೆ. ನಮ್ಮ ಸರ್ವಿಸ್ ರಸ್ತೆ ನೋಡಿದ್ದರೆ ಅವನು ಟ್ರ್ಯಾಕ್ಟರನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದ.

ಸರ್ವಿಸ್ ರಸ್ತೆಯ ವಿಷಯಕ್ಕೇ ಬಂದೆ. ಹುಡುಗನಿಗೆ ಚಾ, ಗೋಳಿಬಜೆ ಬೇಕು ಅನಿಸಿತು. ಹೆದ್ದಾರಿಯಿಂದ ಇಳಿದೆವು. ಐವತ್ತು ಮೀಟರ್ ಹೋಗಿರಬಹುದು, ಒಂದು ಹಂಪ್. ಅದಕ್ಕೆ ಬಣ್ಣ ಇಲ್ಲ, ಬೋರ್ಡಿಲ್ಲ, ಆಚೆ ಬದಿಯಲ್ಲಿ ಒಂದು ಗುಂಡಿ. ಕರ್‍ರ್ ಅಂತ ಶಬ್ದ. ತೆಂಗಿನಕಾಯಿ ತುರಿಯುವಾಗ ಗರಟೆ ಸಿಕ್ಕಿದರೆ ಬರುವ ಶಬ್ದ ಇದೆಯಲ್ಲ, ಅದೇ. ಹೊಟ್ಟೆ ಹಂಪಿನ ಮೇಲೆ, ಚಕ್ರ ಗುಂಡಿಯ ಒಳಗೆ. ಹುಡುಗ ಇಳಿದು ಬಗ್ಗಿ ನೋಡಿದ. ಮುಖ ಅಕ್ಕಿ ಹಿಟ್ಟಿನ ಹಾಗೆ ಆಯ್ತು. "ಕಾರ್ಬನ್ ಫೈಬರ್ ಮಾವ" ಅಂದ. ಯಾರೋ ತೀರಿಕೊಂಡ ಸುದ್ದಿ ಹೇಳುವ ದನಿ.

ಹಿಂದೆ ರಿಕ್ಷಾ, ಶಾಲೆಯ ವ್ಯಾನ್, ಮೀನಿನ ಟೆಂಪೊ ಸಾಲು ನಿಂತವು. ಯಾರೋ ತೋಟದಿಂದ ಎರಡು ಅಡಿಕೆ ಸಲಾಕೆ, ಅಂದ್ರೆ ಅಡಿಕೆ ಮರದ ಸೀಳು, ಹೊತ್ತು ತಂದರು. ಚಕ್ರದ ಅಡಿಗೆ ಕೊಟ್ಟರು. ಎಂಟು ಜನ ಸೇರಿ ಹೈಸಾ ಅಂದ ಮೇಲೆ ಕಾರು ಮೇಲೆ ಬಂತು. ರಿಕ್ಷಾದವನು ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದ: "ಇದ್ರಲ್ಲಿ ಎಷ್ಟು ಜನ ಕೂತ್ಕೊಳ್ಬಹುದು?" ಎರಡು ಅಂದೆ. ಅವನು ತನ್ನ ರಿಕ್ಷಾವನ್ನು ಒಮ್ಮೆ ಪ್ರೀತಿಯಿಂದ ನೋಡಿದ.

ಇಷ್ಟೂ ರೀಲಿನಲ್ಲಿಲ್ಲ. ಅದು ಟೋಲಿಗೆ ಮೊದಲೇ ಮುಗಿಯುತ್ತದೆ.

ಜರ್ಮನಿಯ ಆಟೋಬಾನಿನಲ್ಲಿ ಎಷ್ಟೋ ಕಡೆ ವೇಗಕ್ಕೆ ಮಿತಿಯೇ ಇಲ್ಲ, ಸರಿ. 130 ಸಾಕು ಅಂತ ಸಲಹೆ ಮಾತ್ರ ಕೊಡುತ್ತಾರೆ. ಆದರೆ ಅಲ್ಲಿ ಪೆಟ್ರೋಲ್ ಮುಗಿದು ರಸ್ತೆಯಲ್ಲಿ ನಿಂತರೂ ದಂಡ. ನಮ್ಮಲ್ಲಿ ಎದುರಿಂದ ಸ್ಕೂಟರಿನಲ್ಲಿ ಮೀನಿನವನು ಬರುತ್ತಾನೆ. ತಪ್ಪು ದಿಕ್ಕು, ಒಪ್ಪುತ್ತೇನೆ. ಸರಿ ದಿಕ್ಕಿನಲ್ಲಿ ಬರಬೇಕಾದರೆ ಅವನು ಎಷ್ಟು ಸುತ್ತಬೇಕು ಗೊತ್ತಾ? ನನ್ನ ಅತ್ತೆಯನ್ನು ಕೇಳಿ.

ನಮ್ಮ ಮನೆ ಹೆದ್ದಾರಿಯ ಪಡುವಣಕ್ಕೆ, ಹಾಲಿನ ಸೊಸೈಟಿ ಮೂಡಣಕ್ಕೆ. ಮೊದಲು ಅಂಗಳದಲ್ಲಿ ನಿಂತು ಕೂಗಿದರೆ ಅಲ್ಲಿಗೆ ಕೇಳುತ್ತಿತ್ತು. ಈಗ ಮಧ್ಯೆ 45 ಮೀಟರ್ ಹೆದ್ದಾರಿ ಮತ್ತು ಗೋಡೆ. ಅಂಡರ್‌ಪಾಸ್ ಒಂದೂವರೆ ಕಿಲೋಮೀಟರ್ ಆಚೆ. ಅಲ್ಲಿವರೆಗೆ ಹೋಗಿ, ನುಸುಳಿ, ಮತ್ತೆ ಅಷ್ಟೇ ವಾಪಸು. 78 ವರ್ಷದ ಅತ್ತೆಗೆ ಹೋಗಲಿಕ್ಕೆ 50 ನಿಮಿಷ ಬೇಕು. 45 ಮೀಟರಿಗೆ 50 ನಿಮಿಷ, ಅಂದ್ರೆ ಗಂಟೆಗೆ 54 ಮೀಟರ್. ಇದೂ ದಾಖಲೆಯೇ. ಯಾರೂ ರೀಲ್ ಮಾಡಿಲ್ಲ ಅಷ್ಟೆ.

ರಸ್ತೆ ಬೇಡ ಅಂತ ಯಾರು ಹೇಳಿದರು? ನಾವೇ ಜಾಗ ಕೊಟ್ಟವರು. ಈ ರಸ್ತೆಯಲ್ಲಿ ನಾವು ಹೋಗುವುದು ಮೋಜಿಗಲ್ಲ. ಎದೆನೋವು ಬಂದರೆ ಮಂಗಳೂರು, ಹೆರಿಗೆ ಕಷ್ಟವಾದರೆ ಮಂಗಳೂರು. ನಮ್ಮ ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಅಡಿಗಲ್ಲು ಹಾಕಿದ್ದು 2013ರಲ್ಲಿ. 2020ರ ಮಾರ್ಚಿನಲ್ಲಿ ಕೊರೊನಾ ಅಂತ ಕರ್ನಾಟಕದವರು ಗಡಿಯ ರಸ್ತೆಗೆ ಮಣ್ಣು ಸುರಿದು ಮುಚ್ಚಿದಾಗ ಆಂಬ್ಯುಲೆನ್ಸಿನಲ್ಲೇ ಜೀವ ಹೋದವರ ಮನೆಗಳು ಇಲ್ಲೇ ಇವೆ, ಇದೇ ಹೆದ್ದಾರಿಯ ಬದಿಯಲ್ಲಿ. ಆ ಮಣ್ಣಿನ ರಾಶಿಯ ಮುಂದೆ ಆರು ಪಥ ಇದ್ದರೂ ಅಷ್ಟೇ, ಅರುವತ್ತು ಇದ್ದರೂ ಅಷ್ಟೇ. ಏಳು ನಿಮಿಷ ಅಂತೆ. ಯಾರಿಗೆ ಬೇಕು ನಿಮ್ಮ ಏಳು ನಿಮಿಷ!

ಹುಡುಗ ಮೊನ್ನೆ ವಾಪಸು ಹೋದ. ಕಾರೂ ಹೋಯಿತು. ಅಡಿಕೆ ಸಲಾಕೆ ಎರಡೂ ಇಲ್ಲೇ ಉಳಿದವು. ಸರ್ವಿಸ್ ರಸ್ತೆಯ ಚರಂಡಿಗೆ ಚಪ್ಪಡಿ ಹಾಕದೆ ಬಿಟ್ಟ ಜಾಗದಲ್ಲಿ ಯಾರೋ ಅವನ್ನು ಅಡ್ಡ ಇಟ್ಟಿದ್ದಾರೆ. ಒಂದರ ತುದಿಗೆ ಹಳದಿ ಬಣ್ಣ ಹತ್ತಿದೆ. ಬೆಳಿಗ್ಗೆ ಆರಕ್ಕೆ ಅತ್ತೆ ಹಾಲಿನ ತಂಬಿಗೆ ಹಿಡಿದು ಅದರ ಮೇಲೆ ಕಾಲಿಟ್ಟು ದಾಟುತ್ತಾರೆ.