ಬೋರ್‌ವೆಲ್‌ಗೆ ಸಿಗುವ ಆಶೀರ್ವಾದ ನಮ್ಮ ಹುಡುಗನಿಗೆ ಯಾಕಿಲ್ಲ?

ಬೆಳಿಗ್ಗೆ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದವಳು ಇನ್ನೂ ಕುದಿಯುತ್ತಿದ್ದೇನೆ. ನಮ್ಮ ಗಾನವೃಂದದಲ್ಲಿ ಕೀಬೋರ್ಡ್ ನುಡಿಸುವ ಹುಡುಗನಿಗೆ "ಸ್ವಲ್ಪ ದಿನ ರೆಸ್ಟ್ ತಗೊಳಪ್ಪ" ಅಂದರಂತೆ. ಯಾಕೆ ಅಂತ ಕೇಳಿದರೆ ಎಲ್ಲರೂ ಚಾವಣಿ ನೋಡುತ್ತಾರೆ. ಅವನು ಗೇ. ಅಷ್ಟೇ ಕಾರಣ. (ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಬರೀರಿ ಆಂಟಿ, ಇನ್ನೇನು ಉಳಿದಿದೆ" ಅಂದ.)

ಕೀಬೋರ್ಡಿನ ಮೇಲಿನ ಬಟ್ಟೆಯನ್ನೇ ತೆಗೆದಿರಲಿಲ್ಲ. ಕಾಣಿಕೆ ಗೀತೆಗೆ ಶ್ರುತಿ ಕೊಡುವವರಿಲ್ಲದೆ ನಾವೆಲ್ಲ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೊರಟೆವು. ಆಮೇಲೆ ಅಂಗಳದಲ್ಲಿ ಒಬ್ಬರ ಹೊಸ ಕಾರಿಗೆ ಫಾದರ್ ಪವಿತ್ರ ಜಲ ಚಿಮುಕಿಸಿದರು. ನಾಲ್ಕೂ ಚಕ್ರಕ್ಕೆ! ನಮ್ಮಲ್ಲಿ ಬೋರ್‌ವೆಲ್‌ಗೂ ಆಶೀರ್ವಾದ ಉಂಟು, ಬೇಕರಿಗೂ ಉಂಟು.

2023ರ ಡಿಸೆಂಬರ್ 18ರಂದು ವ್ಯಾಟಿಕನ್ನಿನಿಂದಲೇ ಅಪ್ಪಣೆ ಬಂತಲ್ಲ, ಒಂದೇ ಲಿಂಗದ ಜೋಡಿಗಳು ಬಂದು ಕೇಳಿದರೆ ಗುರುಗಳು ಆಶೀರ್ವದಿಸಬಹುದು ಅಂತ. ಮದುವೆಯ ಹಾಗೆ ಕಾಣಬಾರದು, ಅಷ್ಟೇ ಷರತ್ತು. ಪೋಪ್ ಫ್ರಾನ್ಸಿಸ್ ಅವರೇ ಒಪ್ಪಿಗೆ ಕೊಟ್ಟದ್ದು. ನಮ್ಮ ಪೀಠದಿಂದ ಅದರ ಬಗ್ಗೆ ಒಂದು ಮಾತೂ ನಾನು ಕೇಳಿಲ್ಲ. ಇನ್ನು ಈ ಹುಡುಗ ಆಶೀರ್ವಾದವನ್ನೂ ಕೇಳಿರಲಿಲ್ಲ ಮಾರಾಯ್ರೆ! ಸುಮ್ನೆ ಕೂತು ನುಡಿಸುತ್ತಿದ್ದ.

"ಧರ್ಮೋಪದೇಶ ಬದಲಾಗಲ್ಲಮ್ಮ" ಅಂತ ಪಾಲನಾ ಸಮಿತಿಯ ಅಣ್ಣ ಒಬ್ಬರು ನನಗೆ ಬುದ್ಧಿ ಹೇಳಿದರು. ಸರಿ ಅಣ್ಣ, ಧರ್ಮೋಪದೇಶವನ್ನೇ, ಅಂದರೆ ನಮ್ಮ ಕಥೋಲಿಕ ಸಭೆಯ ಬೋಧನೆಗಳ ಪುಸ್ತಕವನ್ನೇ (ಕ್ಯಾಟೆಕಿಸಂ) ತೆಗೆಯೋಣ. ಸಲಿಂಗ ಸಂಬಂಧ ತಪ್ಪು ಅಂತ 2357ನೇ ಕಲಮಿನಲ್ಲಿದೆ, ಹೌದು. ಅದರ ಮುಂದಿನ ಕಲಮನ್ನೂ ಓದಿ. ಇವರನ್ನು ಗೌರವದಿಂದ, ಕರುಣೆಯಿಂದ ಬರಮಾಡಿಕೊಳ್ಳಬೇಕು, ಅನ್ಯಾಯದ ಭೇದಭಾವದ ಸುಳಿವೂ ಇರಬಾರದು ಅಂತ ಅಲ್ಲಿದೆ. ಒಂದನ್ನು ಬಾಯಿಪಾಠ ಮಾಡಿ ಇನ್ನೊಂದನ್ನು ನುಂಗಿಬಿಡುವುದು ಯಾವ ಭಕ್ತಿ? ಲಕ್ಷಗಟ್ಟಲೆ ವರದಕ್ಷಿಣೆ ಎಣಿಸಿಕೊಂಡವರ ಮದುವೆಗೆ ಇದೇ ಗಾನವೃಂದ ಹಾಡಿದೆ. ಅವರಿಗೆ ಯಾರೂ ರೆಸ್ಟ್ ಕೊಡಲಿಲ್ಲ.

ನನಗೆ ಜಾಸ್ತಿ ಉರಿಯುವುದು ಇನ್ನೊಂದಕ್ಕೆ. ನಾವು ಬೆಂಗಳೂರಿನ ಕನ್ನಡ ಕಥೋಲಿಕರು. ನಮ್ಮದೇ ಊರಿನ ಚರ್ಚುಗಳಲ್ಲಿ ಕನ್ನಡದಲ್ಲಿ ಪೂಜೆ ಮಾಡಿ ಅಂತ ದಶಕಗಟ್ಟಲೆ ಜಗಳ ಆಡಿದವರು. "ನಿಮಗ್ಯಾಕೆ ಪ್ರತ್ಯೇಕ, ಹೊಂದಿಕೊಂಡು ಹೋಗಿ" ಅನ್ನಿಸಿಕೊಂಡವರು. ಸ್ವಂತ ಮನೆಯಲ್ಲೇ ಬಾಡಿಗೆಯವರಂತೆ ನಿಲ್ಲುವುದು ಹೇಗಿರುತ್ತದೆ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಂದು ಘೋಷಣೆ ಕೂಗಿದವರೇ ಇವತ್ತು ಈ ಹುಡುಗನ ಅಮ್ಮನ ಪಕ್ಕ ಕೂರದೆ ಬೆಂಚು ಬದಲಾಯಿಸಿದರು. ನಾನು ಹೋಗಿ ಕೂತೆ. ಆಕೆ ಜಪಸರ ಹಿಡಿದಿದ್ದರು, ಮಣಿ ಮುಂದಕ್ಕೆ ಹೋಗುತ್ತಿರಲಿಲ್ಲ.

ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ನಿನ ಹಲ್ಲನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಕಿತ್ತಿತು. ಆ ಸೆಕ್ಷನ್ ಉಳಿಯಲಿ ಅಂತ ಕೋರ್ಟಿಗೆ ಹೋದವರಲ್ಲಿ ಕ್ರೈಸ್ತ ಸಂಘಟನೆಗಳೂ ಇದ್ದವು. ಜೈಲೇ ಇರಲಿ ಅಂತ ವಾದಿಸುವ ಪ್ರೀತಿ ಯಾವ ಶುಭಸಂದೇಶದಲ್ಲಿದೆಯೋ ನಾ ಕಾಣೆ. ಬೈಬಲಿನಲ್ಲಿ ಬರುವ ಇಥಿಯೋಪಿಯಾದ ಆ ನಪುಂಸಕ ಅಧಿಕಾರಿ ದಾರಿಬದಿಯ ನೀರು ತೋರಿಸಿ ದೀಕ್ಷಾಸ್ನಾನ ಕೇಳಿದಾಗ, ಶುಭಸಂದೇಶ ಸಾರುತ್ತಿದ್ದ ಫಿಲಿಪ್ಪ ಸಮಿತಿಯ ಸಭೆ ಕರೆಯಲಿಲ್ಲ. ರಥದಿಂದ ಇಳಿದು ಕೊಟ್ಟೇಬಿಟ್ಟ.

"ಅಷ್ಟು ಕಷ್ಟ ಆದ್ರೆ ಚರ್ಚ್ ಬಿಡು" ಅಂತ ಕಾಮೆಂಟ್ ಹಾಕಲು ಕಾಯುತ್ತಿರುವವರಿಗೆ: ಬಿಡಲ್ಲ. ಅಪ್ಪ ಅಮ್ಮ ಇಬ್ಬರೂ ಅಲ್ಲೇ ಮಣ್ಣಾಗಿದ್ದಾರೆ. ಸಮಿತಿಗೆ ಪತ್ರ ಕೊಟ್ಟಿದ್ದೇನೆ. ಆ ಹುಡುಗನನ್ನು ನಿಲ್ಲಿಸಿದ್ದು ಯಾಕೆ ಅಂತ ಸಹಿ ಹಾಕಿ ಬರೆದುಕೊಡಿ, ಬಾಯಿಮಾತು ಬೇಡ ಅಂತ ಕೇಳಿದ್ದೇನೆ. ಪತ್ರ ಇಸಕೊಂಡ ಅಣ್ಣ ಅದನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡರು. ಜೆರಾಕ್ಸ್ ನನ್ನ ಹತ್ತಿರ ಇದೆ.