ಮೊಣಕಾಲಿಗೂ ಒಂದು ಟಿಕೆಟ್ ಬೇಕಿತ್ತು

ಅಗ್ಗದ ವಿಮಾನದವರು ಟಿಕೆಟ್ ಕೊಡುವುದು ಸೊಂಟದಿಂದ ಮೇಲಿನ ಭಾಗಕ್ಕೆ ಮಾತ್ರ. ಮೊಣಕಾಲನ್ನು ಎಲ್ಲಿಡಬೇಕೆಂಬುದು ಪ್ರಯಾಣಿಕನ ಖಾಸಗಿ ಸಮಸ್ಯೆ. ಒಂದು ಸೀಟಿನ ಬೆನ್ನಿನಿಂದ ಮುಂದಿನ ಸೀಟಿನ ಬೆನ್ನಿನವರೆಗಿನ ಅಂತರ ಇಂಥ ಕೆಲವು ವಿಮಾನಗಳಲ್ಲಿ 28 ಇಂಚಿಗೆ ಇಳಿದಿದೆ. ಅಷ್ಟೂ ನಮ್ಮದೇ ಎಂದು ಹಿಗ್ಗುವಂತಿಲ್ಲ. ಸೀಟಿನ ದಪ್ಪ, ನಾವು ಕೂರುವ ಜಾಗ ಎಲ್ಲ ಅದರೊಳಗೇ ಬಂತು. ಮಿಕ್ಕಿದ್ದರಲ್ಲಿ ಕಾಲು.

ಸೀಟು ಹಿಂದಕ್ಕೆ ಬಾಗುವುದಿಲ್ಲ ಎಂದು ಬಹಳ ಜನ ಗೊಣಗುತ್ತಾರೆ. ನನಗೆ ಮಾತ್ರ ಅದು ಆ ವಿಮಾನದ ಏಕೈಕ ಉಪಕಾರವೆನಿಸಿತು. ಬಾಗಿದ್ದರೆ ಮುಂದಿನವರ ತಲೆಹೊಟ್ಟಿಗೆ ನಾನೇ ಮದ್ದು ಹಚ್ಚಬೇಕಾಗುತ್ತಿತ್ತು.

ಗಗನಸಖಿ ಸುರಕ್ಷತೆಯ ಪಾಠ ಶುರು ಮಾಡಿದರು. ಜೀವರಕ್ಷಕ ಜಾಕೆಟ್ ನಿಮ್ಮ ಸೀಟಿನ ಕೆಳಗಿದೆ ಎಂದರು. ಇದೆಯೋ ಇಲ್ಲವೋ ನೋಡೋಣವೆಂದು ಬಾಗಿದೆ. ಕೈ ಕೆಳಗೆ ಮುಟ್ಟುವ ಮೊದಲೇ ಹಣೆ ಮುಂದಿನ ಸೀಟಿಗೆ ಮುಟ್ಟಿತು. ಎದುರಿನ ಜೇಬಿನಲ್ಲಿದ್ದ ಚಿತ್ರಪಟದಲ್ಲೂ ಒಬ್ಬ ಹಾಗೆಯೇ ಮುಂದಿನ ಸೀಟಿಗೆ ತಲೆಯಾನಿಸಿ ಕೂತಿದ್ದ. ವಿಮಾನ ನೆಲಕ್ಕಪ್ಪಳಿಸುವ ಮುನ್ನ ಕೂರಬೇಕಾದ ಭಂಗಿಯಂತೆ ಅದು. ನಾನು ಹೊರಡುವ ಮುನ್ನವೇ ಅದನ್ನು ತಲುಪಿದ್ದೆ.

ಮೋಡದ ಮೇಲೆ ಹೋದ ಮೇಲೆ ನನ್ನ ಮೊಬೈಲ್ ತೊಡೆಯಿಂದ ಜಾರಿ ಸೀಟಿನ ಸಂದಿಗೆ ಬಿತ್ತು. ಕರೆಗಂಟೆ ಒತ್ತಿದೆ. ಗಗನಸಖಿ ಓಡಿಬಂದು, "ದಯವಿಟ್ಟು ಅಲುಗಾಡಬೇಡಿ ಸರ್" ಎಂದರು. ಅಲುಗಾಡುವ ಸೌಲಭ್ಯವನ್ನು ಯಾವಾಗ ಕೊಟ್ಟಿದ್ದರು ಎಂದು ಕೇಳಬೇಕೆನಿಸಿತು. ಆದರೆ ಅವರು ಹೇಳಿದ್ದು ಸರಿಯೇ. ಸೀಟಿನ ಲೋಹಕ್ಕೆ ಸಿಕ್ಕಿ ಫೋನು ನಜ್ಜುಗುಜ್ಜಾದರೆ ಒಳಗಿನ ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳಬಹುದು, ಆಕಾಶದಲ್ಲಿ ಆ ಬೆಂಕಿಯನ್ನು ಆರಿಸುವುದು ಸುಲಭವಲ್ಲ. ಹಾಗಾಗಿ ನಾವೇ ಕೈಹಾಕಿ ತಡಕಾಡದೆ ಸಿಬ್ಬಂದಿಯನ್ನು ಕರೆಯಬೇಕೆಂಬುದು ನಿಯಮ.

ಈಗ ನಾನು ಹೊರಬರಬೇಕು. ನನ್ನದು ಕಿಟಕಿಯ ಪಕ್ಕ. ನಡುವಿನವರು ಗಾಢ ನಿದ್ರೆಯಲ್ಲಿದ್ದರು. ಅಂಚಿನಲ್ಲಿದ್ದ ಮಹಿಳೆಯ ಮುಂದೆ, ಎದುರಿನ ಸೀಟಿನ ಬೆನ್ನಿನಿಂದ ಬಿಚ್ಚಿದ ಮಡಚು ತಟ್ಟೆ, ಅದರ ಮೇಲೆ ಲ್ಯಾಪ್‌ಟಾಪ್, ಅದರ ಪಕ್ಕ ಬಿಸಿ ಚಹಾ. ಚಹಾ ಗಗನಸಖಿಯ ಕೈಗೆ, ಲ್ಯಾಪ್‌ಟಾಪ್ ಆ ಮಹಿಳೆಯ ಕಂಕುಳಿಗೆ, ನಡುವಿನವರು ನಿದ್ರೆಯಿಂದ ಸಿಟ್ಟಿಗೆ. ನಾನು ಅಡ್ಡಡ್ಡವಾಗಿ ತೆವಳುತ್ತ, ಇಬ್ಬರಿಗೂ ಕ್ಷಮೆ ಕೇಳುತ್ತ, ಒಂದು ಕಾಲಿನ ಚಪ್ಪಲಿಯನ್ನು ಒಳಗೇ ಬಿಟ್ಟು ಹೊರಬಿದ್ದೆ. ಸಂದಿಯಿಂದ ಮೊದಲು ಯಾರದೋ ಬಾಚಣಿಗೆ ಬಂತು, ಆಮೇಲೆ ಯಾವುದೋ ಮಗುವಿನ ಕಾಲುಚೀಲ, ಕೊನೆಗೆ ನನ್ನ ಮೊಬೈಲ್.

ಈ ಮೆರವಣಿಗೆಗೆ ಹಿಡಿದ ಹೊತ್ತು ನೆನೆದರೆ ಒಂದು ನಿಯಮ ನನ್ನನ್ನು ಕಾಡುತ್ತದೆ. 44ಕ್ಕಿಂತ ಹೆಚ್ಚು ಸೀಟುಗಳ ವಿಮಾನದಿಂದ ಎಲ್ಲರೂ 90 ಸೆಕೆಂಡಿನೊಳಗೆ ಹೊರಬರಲು ಸಾಧ್ಯವೆಂದು ತಯಾರಕರು ತೋರಿಸಿಕೊಡಬೇಕು, ಅದೂ ಕತ್ತಲಲ್ಲಿ, ಅರ್ಧದಷ್ಟು ಬಾಗಿಲುಗಳನ್ನು ಮಾತ್ರ ಬಳಸಿ. ಅಮೆರಿಕದ ವಿಮಾನಯಾನ ನಿಯಂತ್ರಕರು 2019ರ ಕೊನೆಯಲ್ಲಿ ಒಕ್ಲಹೋಮಾ ನಗರದಲ್ಲಿ ಇಕ್ಕಟ್ಟಿನ ಸೀಟುಗಳನ್ನಿಟ್ಟು ಪರೀಕ್ಷೆ ನಡೆಸಿದರು. ಭಾಗವಹಿಸಿದವರೆಲ್ಲ 60 ದಾಟದ, ಗಟ್ಟಿಮುಟ್ಟಾದ ವಯಸ್ಕರು. ಮಕ್ಕಳಿಲ್ಲ, ಮುದುಕರಿಲ್ಲ. ಅಂಥವರು ಬೇಗ ಹೊರಬಂದದ್ದರಲ್ಲಿ ಆಶ್ಚರ್ಯವೇನು? ನಮ್ಮ ಸಾಲನ್ನು ಕರೆಸಬೇಕಿತ್ತು.

ಇನ್ನು ಇಟಲಿಯ ಕಂಪನಿಯೊಂದು 2010ರಲ್ಲಿ ಕುದುರೆಯ ಜೀನಿನಂಥ ಸೀಟನ್ನು ಪ್ರದರ್ಶನಕ್ಕಿಟ್ಟಿತ್ತು. ಅದರ ಅಂತರ 23 ಇಂಚು. ಕುದುರೆಯ ಮೇಲಾದರೂ ಮುಂದಿನವನ ಬೆನ್ನು ಮೂಗಿಗೆ ತಾಗುವುದಿಲ್ಲ.

ಮರಳುವಾಗ ಹೆಚ್ಚು ಹಣ ಕೊಟ್ಟು ತುರ್ತು ಬಾಗಿಲಿನ ಪಕ್ಕದ ಸೀಟು ಹಿಡಿದೆ. ಅಲ್ಲಿ ಕಾಲು ಚಾಚಬಹುದು. "ಅಗತ್ಯ ಬಿದ್ದರೆ ಈ ಬಾಗಿಲು ತೆರೆಯಲು ಸಿದ್ಧರಿದ್ದೀರಾ ಸರ್?" ಎಂದು ಸಿಬ್ಬಂದಿ ಕೇಳಿದರು. ಇಷ್ಟು ಜಾಗ ಕೊಟ್ಟಿದ್ದಕ್ಕೆ ಈಗಲೇ ಬೇಕಾದರೂ ತೆರೆಯುತ್ತೇನೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, ಬಹಳ ಗಂಭೀರವಾಗಿ ತಲೆಯಾಡಿಸಿದೆ.