ಜರ್ಮನಿಗೆ ಹೊರಟವರೇ, ಫಾರ್ಮ್ 10ಸಿ ತುಂಬುವ ಮೊದಲು

ಹೊರದೇಶದಲ್ಲಿ ಕೆಲಸ ಸಿಕ್ಕಿತು ಅಂದರೆ ನಮ್ಮ ಬೆಂಗಳೂರಿನ ಇಂಜಿನಿಯರುಗಳಿಗೆ ಬರುವ ಮೊದಲ ಯೋಚನೆ, ಪಿಎಫ್ ಬಿಡಿಸಿಕೊಂಡು ಲೆಕ್ಕ ಮುಗಿಸೋಣ ಅಂತ. ಅಲ್ಲಿಂದ ವಾಪಸ್ ಬಂದಮೇಲೆ, ಅಲ್ಲಿ ಕಟ್ಟಿದ್ದನ್ನೂ ಬಿಡಿಸಿಕೊಳ್ಳೋಣ ಅಂತ. ಎರಡೂ ಸಲ ಕೈಗೆ ಒಂದಿಷ್ಟು ದುಡ್ಡು ಬರುತ್ತದೆ, ಎರಡೂ ಸಲ ಪಿಂಚಣಿ ಹೋಗುತ್ತದೆ. ನನ್ನ ಪ್ರಕಾರ ಇದು ಶುದ್ಧ ನಷ್ಟದ ವ್ಯವಹಾರ.

ಜರ್ಮನಿಯನ್ನೇ ತೆಗೆದುಕೊಳ್ಳಿ. ಆ ದೇಶದೊಂದಿಗಿನ ನಮ್ಮ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ಇದರಲ್ಲಿ ದುಡ್ಡು ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವುದಿಲ್ಲ. ಅರ್ಹತೆ ನೋಡುವಾಗ ವರ್ಷಗಳನ್ನು ಮಾತ್ರ ಕೂಡಿಸುತ್ತಾರೆ, ಅಷ್ಟೇ. ಪಿಎಫ್ ಜೊತೆಗೇ ಬರುವ ಪಿಂಚಣಿ ಯೋಜನೆಯೇ ಇಪಿಎಸ್. ಒಬ್ಬರು ಇಲ್ಲಿ ಇಪಿಎಸ್‌ನಲ್ಲಿ 7 ವರ್ಷ, ಅಲ್ಲಿ 4 ವರ್ಷ ದುಡಿದಿದ್ದಾರೆ ಅಂದುಕೊಳ್ಳಿ. ಇಲ್ಲಿ ತಿಂಗಳ ಪಿಂಚಣಿಗೆ ಕನಿಷ್ಠ 10 ವರ್ಷ ಬೇಕು, ಅಲ್ಲಿ 5. ಬಿಡಿಬಿಡಿಯಾಗಿ ನೋಡಿದರೆ ಎರಡೂ ಕಡೆ ಫೇಲು. ಕೂಡಿಸಿದರೆ 11, ಎರಡೂ ಕಡೆ ಪಾಸು. ಆಮೇಲೆ ಆಯಾ ದೇಶ ತನ್ನಲ್ಲಿ ದುಡಿದ ವರ್ಷಗಳಿಗೆ ಮಾತ್ರ ಕೊಡುತ್ತದೆ.

ಎಷ್ಟು ಬರುತ್ತದೆ? ಇಪಿಎಸ್ ಸೂತ್ರ ಸರಳ: ಪಿಂಚಣಿಗೆ ಲೆಕ್ಕ ಹಿಡಿಯುವ ಸಂಬಳ ಗುಣಿಸು ಸೇವೆಯ ವರ್ಷ, ಭಾಗಿಸು 70. ಆ ಸಂಬಳದ 15,000 ರೂಪಾಯಿ ಮಿತಿಯಲ್ಲಿ 7 ವರ್ಷಕ್ಕೆ ತಿಂಗಳಿಗೆ 1,500 ರೂಪಾಯಿ. ಜರ್ಮನಿಯಲ್ಲಿ ಪಾಯಿಂಟ್ ಲೆಕ್ಕ. ಅಲ್ಲಿನ ಸರಾಸರಿ ಸಂಬಳ ಪಡೆದವರಿಗೆ ವರ್ಷಕ್ಕೆ ಒಂದು ಪಾಯಿಂಟ್, 2025ರ ಜುಲೈನ ದರದಲ್ಲಿ ಒಂದು ಪಾಯಿಂಟಿಗೆ ತಿಂಗಳಿಗೆ 40.79 ಯೂರೋ. ನಾಲ್ಕು ವರ್ಷಕ್ಕೆ ಸುಮಾರು 163 ಯೂರೋ, ಬದುಕಿರುವವರೆಗೆ. ಸಂಬಳ ಜಾಸ್ತಿಯಿದ್ದರೆ ಪಾಯಿಂಟೂ ಜಾಸ್ತಿ.

1,500 ರೂಪಾಯಿಗೆ ಇಷ್ಟೆಲ್ಲ ಒದ್ದಾಟ ಯಾಕೆ ಅಂತ ನಗುವವರಿದ್ದಾರೆ. ಇಲ್ಲಿನ ಆ ಏಳು ವರ್ಷ ಇಲ್ಲದಿದ್ದರೆ ಅಲ್ಲಿನ 163 ಯೂರೋ ಹುಟ್ಟುವುದೇ ಇಲ್ಲ ಸ್ವಾಮಿ! 10ಸಿ ತುಂಬಿ ಇಪಿಎಸ್ ದುಡ್ಡು ತೆಗೆದ ದಿನ ಆ ಸೇವೆ ಅಳಿಸಿಹೋಗುತ್ತದೆ, ಆಮೇಲೆ ಕೂಡಿಸಲು ಏನೂ ಉಳಿಯುವುದಿಲ್ಲ.

ಇಪಿಎಫ್ (ಪಿಎಫ್ ಉಳಿತಾಯದ ಗಂಟು) ಬೇರೆ, ಇಪಿಎಸ್ ಬೇರೆ. ಫಾರ್ಮ್ 19ರಲ್ಲಿ ಇಪಿಎಫ್ ಗಂಟನ್ನು ನಿಯಮದ ಪ್ರಕಾರ ಬಿಡಿಸಿಕೊಂಡರೆ ಪಿಂಚಣಿಗೆ ಧಕ್ಕೆಯಿಲ್ಲ. 10ಸಿ ಫಾರ್ಮಿನಲ್ಲಿ ಮಾತ್ರ ದುಡ್ಡಿನ ಬದಲು ಸ್ಕೀಮ್ ಸರ್ಟಿಫಿಕೇಟ್, ಅಂದರೆ ನಿಮ್ಮ ಇಪಿಎಸ್ ಸೇವೆಯನ್ನು ಉಳಿಸಿಡುವ ಪತ್ರ, ಕೇಳಿ. ಇನ್ನೊಂದು ವಿಷಯ: 2014ರ ಸೆಪ್ಟೆಂಬರ್ 1ರ ನಂತರ ಮೊದಲ ಸಲ ಪಿಎಫ್‌ಗೆ ಸೇರಿದವರ ಪಿಎಫ್ ಸಂಬಳ ಆಗಲೇ 15,000 ದಾಟಿದ್ದರೆ ಅವರಿಗೆ ಇಪಿಎಸ್ ಸದಸ್ಯತ್ವವೇ ಇಲ್ಲ. ಪಾಸ್‌ಬುಕ್‌ನ ಪಿಂಚಣಿ ಕಾಲಂ ತೆರೆದು ನೋಡಿ.

ಜರ್ಮನಿಯ ಕಡೆಯ ವಾಪಸಾತಿ ಇನ್ನೂ ಕೆಟ್ಟದ್ದು. ಅಲ್ಲಿನ ವಂತಿಗೆ 18.6 ಶೇಕಡ, ಅರ್ಧ ನಿಮ್ಮದು, ಅರ್ಧ ಕಂಪನಿಯದು. ಕೆಲಸ ಬಿಟ್ಟು 24 ತಿಂಗಳು ಕಾದಮೇಲೆ ಸಿಗುವುದು ನಿಮ್ಮ 9.3 ಶೇಕಡ ಮಾತ್ರ, ಅದೂ ಬಡ್ಡಿಯಿಲ್ಲದೆ. ಕಂಪನಿ ಕಟ್ಟಿದ್ದು ಅಲ್ಲೇ ಉಳಿಯುತ್ತದೆ, ಆವರೆಗಿನ ಹಕ್ಕೂ ಪೂರ್ತಿ ರದ್ದಾಗುತ್ತದೆ.

ಆನ್‌ಸೈಟ್ ಹೋದವರು ಇನ್ನೊಂದು ಕಡೆ ಎಡವುತ್ತಾರೆ. ಕಂಪನಿ ಸರ್ಟಿಫಿಕೇಟ್ ಆಫ್ ಕವರೇಜ್ (ಅಲ್ಲಿ ವಂತಿಗೆ ಕಟ್ಟದೆ ಇಲ್ಲಿನ ಪಿಎಫ್‌ನಲ್ಲೇ ಮುಂದುವರಿಯಲು ಬೇಕಾದ ಪತ್ರ) ಮಾಡಿಸಿ ಕಳಿಸಿದ್ದರೆ 48 ತಿಂಗಳವರೆಗೆ ನೀವು ಪಿಎಫ್ ವ್ಯವಸ್ಥೆಯಲ್ಲೇ ಇರುತ್ತೀರಿ. ಕೂತಿದ್ದು ಮ್ಯೂನಿಕ್‌ನಲ್ಲಾದರೂ ಜರ್ಮನ್ ಖಾತೆಯಲ್ಲಿ ಆ ತಿಂಗಳುಗಳು ಇರುವುದಿಲ್ಲ. ಪೇಸ್ಲಿಪ್‌ನಲ್ಲಿ ಅಲ್ಲಿನ ಪಿಂಚಣಿ ವಂತಿಗೆ ಕಡಿತವಾಗಿದೆಯೇ ನೋಡಿದರೆ ಗೊತ್ತಾಗುತ್ತದೆ.

ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ದಾಖಲೆಯಲ್ಲಿ. ಹಳೆಯ ಕಂಪನಿ ಕೆಲಸ ಬಿಟ್ಟ ದಿನಾಂಕ ಹಾಕಿರುವುದಿಲ್ಲ. ಕಂಪನಿಗೆ ಸ್ವಂತ ಪಿಎಫ್ ಟ್ರಸ್ಟ್ ಇದ್ದರೆ ಅನೆಕ್ಷರ್ ಕೆ (ಟ್ರಸ್ಟ್ ಕೊಡಬೇಕಾದ ಪಿಎಫ್ ವರ್ಗಾವಣೆ ವಿವರ) ಬಂದಿರುವುದಿಲ್ಲ, ಅದಿಲ್ಲದೆ ಹಿಂದಿನ ಸೇವೆ ಮುಂದಕ್ಕೆ ಸೇರುವುದಿಲ್ಲ. ನಮ್ಮವರ ಇನಿಷಿಯಲ್ ಸಮಸ್ಯೆ ಇದ್ದದ್ದೇ: ಪಿಎಫ್‌ನಲ್ಲಿ ಎರಡು ಅಕ್ಷರ, ಪಾಸ್‌ಪೋರ್ಟ್‌ನಲ್ಲಿ ಊರು ಮತ್ತು ಅಪ್ಪನ ಹೆಸರು, ಜರ್ಮನ್ ದಾಖಲೆಯಲ್ಲಿ ಅಪ್ಪನ ಹೆಸರೇ ಮನೆತನದ ಹೆಸರು. ಇದನ್ನೆಲ್ಲ ಕೆಲಸದಲ್ಲಿರುವಾಗಲೇ ಸರಿಮಾಡಿಸಿ. ಯುಎಎನ್ (ಪಿಎಫ್ ಸದಸ್ಯರ ಸಂಖ್ಯೆ), ಹನ್ನೆರಡು ಅಕ್ಷರ-ಅಂಕಿಗಳ ಜರ್ಮನ್ ವಿಮಾ ಸಂಖ್ಯೆ, ಪ್ರತಿ ವರ್ಷ ಅಲ್ಲಿನ ಕಂಪನಿ ಕೊಡುವ ವಿಮಾ ಚೀಟಿ, ಮೂರೂ ಒಂದೇ ಫೈಲಿನಲ್ಲಿರಲಿ. ವಯಸ್ಸೂ ಬೇರೆಬೇರೆ: ಇಲ್ಲಿ 58, 1964 ಅಥವಾ ನಂತರ ಹುಟ್ಟಿದವರಿಗೆ ಅಲ್ಲಿ 67. ಶುರುವಾದಮೇಲೆ ಎರಡೂ ಕಡೆ ಪ್ರತಿ ವರ್ಷ ಜೀವಂತ ಪ್ರಮಾಣಪತ್ರ ಕೊಡಬೇಕು. ಇಲ್ಲಿಯದು ಜೀವನ್ ಪ್ರಮಾಣ್‌ನಲ್ಲಿ ಆಗುತ್ತದೆ. ಅಲ್ಲಿಂದ ಬರುವ ಫಾರ್ಮ್ ಹಳೆಯ ವಿಳಾಸಕ್ಕೆ ಹೋದರೆ ಪಿಂಚಣಿ ನಿಲ್ಲುತ್ತದೆ.

ಗಲ್ಫ್‌ನಲ್ಲಿ ದುಡಿದ ಕರಾವಳಿಯವರಿಗೆ ಸಾಮಾನ್ಯವಾಗಿ ಸಿಗುವುದು ಗ್ರಾಚ್ಯುಟಿ, ಪಿಂಚಣಿಯಲ್ಲ. ಬ್ರಿಟನ್ನಿನಲ್ಲಿ 10 ವರ್ಷ ಕಟ್ಟಿದವರಿಗೆ ಅಲ್ಲಿನ ಸರ್ಕಾರಿ ಪಿಂಚಣಿ ಭಾರತದಲ್ಲೂ ಸಿಗುತ್ತದೆ, ಆದರೆ ಇಲ್ಲಿ ನೆಲೆಸಿದವರಿಗೆ ವಾರ್ಷಿಕ ಏರಿಕೆ ಇಲ್ಲ.

ಅಮೆರಿಕದ ಜೊತೆ ಇಂಥ ಒಪ್ಪಂದವೇ ಇಲ್ಲ. ಅಲ್ಲಿನ ಸರ್ಕಾರಿ ಪಿಂಚಣಿಗೆ ದುಡಿಮೆಯ 40 ಕ್ರೆಡಿಟ್ ಬೇಕು, ವರ್ಷಕ್ಕೆ ನಾಲ್ಕೇ ಸಿಗುವುದು. ಎಚ್-1ಬಿಯಲ್ಲಿ ಆರು ವರ್ಷ ದುಡಿದು ಬಂದವರಿಗೆ 24 ಆಗುತ್ತದೆ. ಇಲ್ಲಿನ ಸೇವೆ ಅದಕ್ಕೆ ಸೇರುವುದಿಲ್ಲ, ಸಂಬಳದಿಂದ ಆ ಪಿಂಚಣಿಗೆಂದು ಕಟ್ಟಿದ 6.2 ಶೇಕಡವೂ ವಾಪಸ್ ಬರುವುದಿಲ್ಲ. ಮತ್ತೆ ಹೋಗಿ ದುಡಿದರೆ ಹಳೆಯ ಕ್ರೆಡಿಟ್ ಹಾಗೇ ಇರುತ್ತವೆ. 40 ತುಂಬಿದ್ದರೆ ಭಾರತಕ್ಕೆ ಬಂದಮೇಲೂ ಪಿಂಚಣಿ ನಡೆಯುತ್ತದೆ. ಆದರೆ ಅಮೆರಿಕದ ಪ್ರಜೆಯಲ್ಲದ ಹೆಂಡತಿ ಅಥವಾ ಗಂಡ ಭಾರತದಲ್ಲಿ ಕೂತು ಅವಲಂಬಿತರ ಪಾಲು ಪಡೆಯಬೇಕಾದರೆ, ಆ ಸಂಬಂಧದಲ್ಲಿದ್ದುಕೊಂಡು ಅಮೆರಿಕದಲ್ಲಿ ಸಾಮಾನ್ಯವಾಗಿ ಐದು ವರ್ಷ ವಾಸ ಮಾಡಿರಬೇಕು. ನಾಲ್ಕೂವರೆ ವರ್ಷಕ್ಕೆ ಸಾಮಾನು ಕಟ್ಟುತ್ತಿರುವವರು ಟಿಕೆಟ್ ತೆಗೆಸುವ ಮೊದಲು ಕ್ಯಾಲೆಂಡರ್ ನೋಡಿಕೊಳ್ಳಿ.